ಮಣ್ಣಿನ ಕೆಲಸ, ಮನಸ್ಸಿನ ಚೇತರಿಕೆ

(ಬದನವಾಳಿನ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಶಸ್ತ್ರಚಿಕಿತ್ಸೆ, ವಂಕಿ, ಮಾತ್ರೆ, ಮಗುವಿಗೆ ಹಾಕಿಸಬೇಕಾದ ಚುಚ್ಚುಮದ್ದು ಇವೇ ನಿಮ್ಮ ನೆನಪಿಗೆ ಬರುವುದು ಸಹಜ. ಅವೆಲ್ಲವೂ ಅಗತ್ಯವಾದವೇ. ಆದರೆ ಗಂಡಹೆಂಡಿರಲ್ಲಿ ಒಬ್ಬರ ಮನಸ್ಸು ಕುಸಿದು ಕುಳಿತಾಗ ಸಂಸಾರದ ಬಂಡಿ ಮುಂದೆ ಸಾಗದೆಂಬುದನ್ನೂ ನೀವು ಬಲ್ಲಿರಿ. ಜ್ವರ ಬಂದರೆ ಹಣೆ ಮುಟ್ಟಿ ತಿಳಿಯಬಹುದು. ಕಾಲು ಮುರಿದರೆ ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಬೇನೆಗೆ ಅಂತಹ ಗುರುತಿಲ್ಲ. ಆದಕಾರಣ ಮನೆಯವರು ಅದನ್ನು ಸೋಮಾರಿತನವೆಂದೋ ಹಟವೆಂದೋ ಗಾಳಿಯ ಸೋಂಕೆಂದೋ ತಿಳಿಯುತ್ತಾರೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಬೇನೆಯ ಬಗ್ಗೆ, ಮತ್ತು ಅದರಿಂದ ಎದ್ದು ಬರುವಾಗ ಕೈಗೆ ದೊರೆಯುವ ಒಂದು ಹಿಡಿ ಮಣ್ಣು ಮಾಡಬಲ್ಲ ಉಪಕಾರದ ಬಗ್ಗೆ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಹೆಂಡತಿಗೆ ಹೆರಿಗೆಯಾಗಿ ಎರಡು ತಿಂಗಳು ಕಳೆದಿದೆ. ಮಗು ಉಳಿಯಲಿಲ್ಲ. ಮೊದಲ ವಾರ ಊರವರೆಲ್ಲ ಬಂದು ಸಮಾಧಾನ ಹೇಳಿಹೋದರು. ಅನಂತರ ಯಾರೂ ಬರಲಿಲ್ಲ. ಆಕೆ ಒಲೆ ಹಚ್ಚುತ್ತಾಳೆ, ಹಾಲು ಉಕ್ಕಿಹೋದರೂ ಗಮನವಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ನಿದ್ರೆಯಿಲ್ಲ. ಗಂಡ ಒಳ್ಳೆಯವನೇ; ಏನು ಹೇಳಬೇಕೆಂದು ತಿಳಿಯದೆ "ಆಯಿತು ಬಿಡು, ಇನ್ನೊಂದು ಆಗುತ್ತೆ" ಎಂದು ಹೇಳಿ ಹೊಲಕ್ಕೆ ಹೋಗುತ್ತಾನೆ. ಅವನಿಗೂ ದುಃಖವಿದೆ, ಅದನ್ನು ಅವನು ಸಂಜೆಯ ಕುಡಿತದಲ್ಲಿ ಮುಳುಗಿಸುತ್ತಾನೆ. ಇಂತಹ ಮನೆ ಯಾವ ಊರಿನಲ್ಲಿಲ್ಲ?

ದುಃಖ ರೋಗವಲ್ಲ, ಅಳುವುದು ತಪ್ಪಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕ ತಾಯಂದಿರಿಗೆ ಸಾಮಾನ್ಯ. ಅದು ತಾನಾಗಿಯೇ ಇಳಿಯುತ್ತದೆ. ಆದರೆ ಎರಡು ವಾರ ಮೀರಿಯೂ ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ನಿದ್ರೆ ಹಸಿವುಗಳು ಕೆಟ್ಟರೆ, ತಾನು ಯಾತಕ್ಕೂ ಬಾರದವಳೆಂಬ ಮಾತು ಬಾಯಲ್ಲಿ ಬರತೊಡಗಿದರೆ, ಅದು ಖಿನ್ನತೆಯೆಂಬ ಕಾಯಿಲೆಯಿರಬಹುದು. ಗಂಡಸಿಗೂ ಇದು ಬರುತ್ತದೆ. ಬೆಳೆ ಹೋದಾಗ, ಸಾಲ ಮೇಲೆ ಬಿದ್ದಾಗ, ಪೆಟ್ಟುಬಿದ್ದು ತಿಂಗಳುಗಟ್ಟಲೆ ಮಲಗಿದಾಗ ಬರುತ್ತದೆ. ಬಾಣಂತಿಯು ಅಸಂಬದ್ಧವಾಗಿ ಮಾತನಾಡುವುದು, ಮಗುವಿಗೆ ಕೇಡಾಗುವ ಮಾತು ಆಡುವುದು, ಇಲ್ಲದ ಧ್ವನಿ ಕೇಳಿಸುತ್ತದೆನ್ನುವುದು ಕಂಡುಬಂದರೆ ಅದು ನೀವು ಬಾಣಂತಿ ಸನ್ನಿ ಎಂದು ಕರೆಯುವ ಸ್ಥಿತಿ. ಅದಕ್ಕೆ ಅದೇ ದಿನ ಆಸ್ಪತ್ರೆಯೇ ಗತಿ. ಯಂತ್ರ ತಾಯಿತಗಳಿಗಾಗಿ ಒಂದು ರಾತ್ರಿಯನ್ನೂ ಕಳೆಯಬಾರದು.

ಮೊದಲು ವೈದ್ಯರು, ಅನಂತರ ಮಣ್ಣು. ಈ ಕ್ರಮವನ್ನು ಯಾರೂ ತಿರುವುಮುರುವು ಮಾಡತಕ್ಕದ್ದಲ್ಲ. ಮನೋರೋಗದ ಚಿಕಿತ್ಸೆಗೆ ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂಬ ಭಯವೂ ಬೇಡ. ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ ಒಂದು ಸಂಗತಿ ಸ್ಪಷ್ಟವಾಯಿತು. ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಸಾಮಾನ್ಯ ಮನೋರೋಗಗಳನ್ನು ಗುರುತಿಸಿ ಔಷಧ ಕೊಡಬಲ್ಲರು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಆರಂಭವಾಯಿತು. ಆದುದರಿಂದ ನಿಮ್ಮ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಸಹಾಯಕಿಗೆ ವಿಷಯ ತಿಳಿಸಿದರೆ ಅವರು ದಾರಿ ತೋರುತ್ತಾರೆ.

ಔಷಧದಿಂದ ನಿದ್ರೆ ಬರುತ್ತದೆ, ಊಟ ರುಚಿಸುತ್ತದೆ. ಆಮೇಲೆ? ಹಗಲು ಹನ್ನೆರಡು ಗಂಟೆಗಳಿವೆ. ಕಾಯಿಲೆಯಿಂದ ಎದ್ದವರಿಗೆ ಮೊದಲಿನ ಕೆಲಸ ಮಾಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸುಮ್ಮನೆ ಕುಳಿತರೆ ಹಳೆಯ ಯೋಚನೆಗಳೇ ಗಾಣದ ಎತ್ತಿನಂತೆ ಸುತ್ತತೊಡಗುತ್ತವೆ. ಈ ನಡುವಣ ಕಾಲದಲ್ಲಿ ಕೈಗೆ ಒಂದು ಹಗುರವಾದ, ಗಮನ ಬೇಡುವ ಕೆಲಸವಿರಬೇಕೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ನಿಮ್ಹಾನ್ಸ್‌ನಲ್ಲಿಯೂ ಪುನರ್ವಸತಿ ವಿಭಾಗವೆಂಬುದು ಬೇರೆಯೇ ಇದ್ದು, ಅಲ್ಲಿ ಗುಣಮುಖರಾಗುತ್ತಿರುವವರಿಗೆ ಹೊಲಿಗೆ, ಮರಗೆಲಸ, ಬೇಕರಿ ಮೊದಲಾದವನ್ನು ಕಲಿಸುತ್ತಾರೆ.

ಬದನವಾಳಿನವರಾದ ನಿಮಗೆ ಕೈಕೆಲಸದ ಮಹತ್ವವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಇಲ್ಲಿ ಖಾದಿ ಕೇಂದ್ರ ಆರಂಭವಾದುದು 1927ರಲ್ಲಿ. ತಗಡೂರು ರಾಮಚಂದ್ರರಾಯರಂತಹವರ ಶ್ರಮದಿಂದ ಈ ಸೀಮೆಯಲ್ಲಿ ಚರಕ ನೆಲೆಯೂರಿತು. ಗಾಂಧೀಜಿಯವರೂ ಈ ನೆಲಕ್ಕೆ ಬಂದುಹೋದರು. ಗಾಂಧೀಜಿಯವರು ಅದೇ 1927ರಲ್ಲಿ ಅತಿಶ್ರಮದಿಂದ ಕುಸಿದು, ವೈದ್ಯರ ಆಜ್ಞೆಯಂತೆ ನಂದಿಬೆಟ್ಟದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದು ಚೇತರಿಸಿಕೊಂಡರೆಂಬುದನ್ನು ಇಲ್ಲಿ ನೆನೆಯಬಹುದು. ಅಷ್ಟು ದೊಡ್ಡವರಿಗೂ ವಿಶ್ರಾಂತಿ ಬೇಕಾಯಿತು. ನಮ್ಮ ಮನೆಯ ಸೊಸೆಗೆ ಏಕೆ ಬೇಡ? 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಕೈಉತ್ಪನ್ನಗಳ ಪರವಾಗಿ ಸತ್ಯಾಗ್ರಹ ನಡೆದುದೂ ಇದೇ ಊರಿನಲ್ಲಿ.

ಇನ್ನೊಂದು ಮಾತನ್ನು ಮರೆಮಾಚಬಾರದು. 1993ರ ಮಾರ್ಚ್‌ನಲ್ಲಿ ದೇವಾಲಯ ಪ್ರವೇಶದ ವಿಚಾರವಾಗಿ ಹುಟ್ಟಿದ ದ್ವೇಷದಿಂದ ಇಲ್ಲಿ ಮೂವರು ದಲಿತರ ಕೊಲೆಯಾಯಿತು. ಅಂತಹ ನೋವಿಗೆ ಚರಕವಾಗಲಿ ಮಡಕೆಯಾಗಲಿ ಮದ್ದೆಂದು ನಾನು ಹೇಳಲಾರೆ. ಅನ್ಯಾಯದಿಂದಾದ ಗಾಯಕ್ಕೆ ನ್ಯಾಯವೇ ಬೇಕು. ಗಂಡನ ಹೊಡೆತದಿಂದ ಕುಗ್ಗಿದ ಹೆಂಗಸಿಗೂ ಈ ಮಾತು ಅನ್ವಯಿಸುತ್ತದೆ. ಅವಳ ಕೈಗೆ ಮಣ್ಣಿನ ಮುದ್ದೆ ಕೊಟ್ಟು ಸಮಾಧಾನವಾಗಿರು ಎನ್ನುವುದು ಚಿಕಿತ್ಸೆಯಲ್ಲ.

ಹಾಗಾದರೆ ಮಣ್ಣೇ ಏಕೆ? ನೂಲಬಹುದು, ಹೆಣೆಯಬಹುದು, ಹೂ ಕಟ್ಟಬಹುದು, ಎಲ್ಲವೂ ಒಳ್ಳೆಯವೇ. ಮಣ್ಣಿಗೆ ಒಂದು ವಿಶೇಷ ಗುಣವುಂಟು. ಅದು ತಪ್ಪನ್ನು ಮನ್ನಿಸುತ್ತದೆ. ಬಟ್ಟೆ ಕತ್ತರಿಸಿ ಕೆಟ್ಟರೆ ಕೆಟ್ಟಿತು. ಹಸಿಮಣ್ಣಿನ ಕುಡಿಕೆ ಸೊಟ್ಟಗಾದರೆ ಹಿಸುಕಿ, ನೀರು ಚಿಮುಕಿಸಿ, ನಾದಿ, ಮತ್ತೆ ತೊಡಗಬಹುದು. ಒಂದು ಕಾಸಿನ ನಷ್ಟವೂ ಇಲ್ಲ. ಒಣಗಿದ ಮೇಲೂ ನೆನೆಹಾಕಿದರೆ ಮತ್ತೆ ಮಣ್ಣೇ. ಆವಿಗೆಯಲ್ಲಿ ಸುಮಾರು 600 ಡಿಗ್ರಿ ಮೀರಿದ ಶಾಖ ತಾಗಿದಾಗ ಮಾತ್ರ ಮಣ್ಣಿನ ಕಣದೊಳಗೆ ಸೇರಿಕೊಂಡಿದ್ದ ನೀರು ಬಿಟ್ಟುಹೋಗಿ, ಅದು ಹಿಂದಿರುಗಲಾರದಂತೆ ಗಟ್ಟಿಯಾಗುತ್ತದೆ. "ನನ್ನಿಂದ ಏನೂ ಆಗುವುದಿಲ್ಲ" ಎಂದು ಕುಗ್ಗಿದವರಿಗೆ, ತಪ್ಪಿದರೂ ತಿದ್ದಬಹುದೆಂಬುದನ್ನು ಬೆರಳುಗಳೇ ಕಲಿಸುತ್ತವೆ. ಯಾರೂ ಉಪದೇಶ ಮಾಡಬೇಕಾಗಿಲ್ಲ.

ಎರಡನೆಯದಾಗಿ, ಮಣ್ಣು ಎರಡೂ ಕೈಗಳನ್ನು ಬೇಡುತ್ತದೆ. ತಿರುಗುವ ತಿಗುರಿಯ ಮುಂದೆ ಕುಳಿತವರು ಕ್ಷಣಕಾಲ ಬೇರೆ ಯೋಚನೆಗೆ ಹೋದರೆ ಮಡಕೆ ವಾಲುತ್ತದೆ. ಹಾಗಾಗಿ ಮನಸ್ಸು ಬೆರಳ ತುದಿಗೆ ಬಂದು ನಿಲ್ಲಲೇಬೇಕು. ಮಡಕೆಯನ್ನು ಹಲಗೆಯಿಂದ ತಟ್ಟುವಾಗ ಒಂದು ಲಯ ಹುಟ್ಟುತ್ತದೆ. ಕುಂಬಾರ ಗುಂಡಯ್ಯನವರ ಕಥೆಯನ್ನು ನೀವು ಕೇಳಿರಬಹುದು. ಗುಂಡಯ್ಯನವರು ಮಡಕೆ ಬಡಿಯುತ್ತ ಮೈಮರೆತಾಗ ಆ ನಾದಕ್ಕೆ ಶಿವನೇ ಕುಣಿದನೆಂದು ಹರಿಹರ ಕವಿಯ ರಗಳೆ ಹೇಳುತ್ತದೆ. ಅವರ ಪತ್ನಿ ಕೇತಲದೇವಿಯವರನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಆಕೆ ಕುಂಭೇಶ್ವರನ ಅಂಕಿತದಲ್ಲಿ ತಮ್ಮ ಕಸುಬಿನ ಮಾತುಗಳಿಂದಲೇ ವಚನ ರಚಿಸಿದ ಶರಣೆ. ಗಂಡಹೆಂಡಿರು ಒಂದೇ ಕಾಯಕದಲ್ಲಿದ್ದು, ಇಬ್ಬರೂ ಹೆಸರು ಪಡೆದ ದಾಂಪತ್ಯವದು.

ಕುಂಬಾರಿಕೆ ಈ ಸೀಮೆಗೆ ನಿನ್ನೆ ಮೊನ್ನೆ ಬಂದುದೂ ಅಲ್ಲ. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಡಾ. ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಮಡಕೆಗಳು ದೊರೆತವು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಸಾವಿರಾರು ವರ್ಷಗಳ ಹಿಂದೆಯೇ ಇದೇ ನದಿಗಳ ದಡದ ಜನ ಮಣ್ಣು ನಾದುತ್ತಿದ್ದರು.

ವಿಜ್ಞಾನವೇನು ಹೇಳುತ್ತದೆಂದು ಓದುಬಲ್ಲ ತರುಣರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗವು 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕಲೆ ಮತ್ತು ಕೈಕೆಲಸಗಳು ರೋಗ ತಡೆಯುವುದರಲ್ಲಿಯೂ ಚೇತರಿಕೆಯಲ್ಲಿಯೂ ಸಹಾಯಕವೆಂದು ವರದಿ ಕೊಟ್ಟಿತು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿಗೆ ಜೇಡಿಮಣ್ಣು, ಕಾಗದ, ಬಣ್ಣದ ಲೇಖನಿಗಳನ್ನು ಕೊಟ್ಟು 45 ನಿಮಿಷ ಇಷ್ಟಬಂದುದನ್ನು ಮಾಡಲು ಬಿಟ್ಟರು. ಉದ್ವೇಗವಾದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವು ನಾಲ್ವರಲ್ಲಿ ಸುಮಾರು ಮೂವರಿಗೆ ಇಳಿದಿತ್ತು. ಚೆನ್ನಾಗಿ ಮಾಡಬಲ್ಲವರು, ಮಾಡಲಾರದವರು ಎಂಬ ಭೇದ ಅದರಲ್ಲಿ ಕಾಣಲಿಲ್ಲ. ಇದು ಚಿಕ್ಕ ಅಧ್ಯಯನ. ಇದನ್ನೇ ಹಿಡಿದು ಮಣ್ಣಿನಿಂದ ರೋಗ ವಾಸಿಯಾಗುತ್ತದೆಂದು ಸಾರುವವರನ್ನು ನಂಬಬೇಡಿ. ಔಷಧಕ್ಕೆ ಜೊತೆಯಾಗಿ ಕೈಕೆಲಸ ಹಿತಕರವೆಂದು ತಿಳಿದರೆ ಸಾಕು.

ಆರಂಭಕ್ಕೆ ತಿಗುರಿ ಬೇಕಿಲ್ಲ. ಕೆರೆಯ ಅಂಟುಮಣ್ಣು ಒಂದು ಬುಟ್ಟಿ ಸಾಕು. ಕಲ್ಲು ಬೇರುಗಳನ್ನು ಆರಿಸಿ, ಒಂದೆರಡು ದಿನ ನೆನೆಹಾಕಿ, ಸ್ವಲ್ಪ ನಯವಾದ ಮರಳು ಬೆರೆಸಿ, ಚಪಾತಿಯ ಹಿಟ್ಟಿನ ಹದಕ್ಕೆ ನಾದಬೇಕು. ನಿಂಬೆಗಾತ್ರದ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹಣತೆ. ಹುರಿಯಂತೆ ಹೊಸೆದು ಒಂದರ ಮೇಲೊಂದು ಸುತ್ತಿ ಅಂಟಿಸಿದರೆ ಕುಡಿಕೆ. ಬಿಸಿಲಿಗೆ ಇಡದೆ ನೆರಳಿನಲ್ಲಿ ನಿಧಾನವಾಗಿ ಒಣಗಿಸತಕ್ಕದ್ದು, ಇಲ್ಲವಾದರೆ ಸೀಳುತ್ತದೆ. ಸುಡುವುದಕ್ಕೆ ಮತ್ತು ತಿಗುರಿ ಕಲಿಯುವುದಕ್ಕೆ ಸಮೀಪದ ಕುಂಬಾರರ ಮನೆಗೆ ಹೋಗಿ, ಗುರುವಿಗೆ ಸಲ್ಲಿಸುವ ಗೌರವದಿಂದ ಕೇಳಿ, ಅವರ ಹೊತ್ತಿಗೆ ಕೂಲಿಯನ್ನೂ ಕೊಡಿ. ಇದು ಇಂಥ ಜಾತಿಯ ಕೆಲಸ, ನಾವು ಮುಟ್ಟಬಾರದೆಂಬ ಅಳುಕು ಬೇಡ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ರೈತರ ಮನೆಗಳಿವೆ. ನಮ್ಮಲ್ಲಿ ಗೌರಿಯೇ ಮಣ್ಣಿನಿಂದ ಆಗುವವಳು. ಹಲವೆಡೆ ತಿಗುರಿಯ ಮುಂದೆ ಗಂಡಸೇ ಕೂರುವ ವಾಡಿಕೆಯಿದೆ. ಮಣ್ಣು ತುಳಿಯುವುದು, ನೀರು ತರುವುದು ಹೆಂಗಸಿನ ಪಾಲು. ಈ ವಾಡಿಕೆಯನ್ನು ಮುರಿಯುವುದರಿಂದ ಮಡಕೆಗೇನೂ ಕೇಡಿಲ್ಲ.

ಈಗ ಗಂಡಂದಿರಿಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. ಹೆಂಡತಿಯ ಚೇತರಿಕೆಗೆ ಬೇಕಾದುದು ದಿನಕ್ಕೆ ಒಂದು ಗಂಟೆ. ಆ ಗಂಟೆಯನ್ನು ಅವಳು ನಿದ್ರೆಯಿಂದ ಕಡಿದು ತೆಗೆಯುವಂತಾಗಬಾರದು. ನೀವು ನೀರು ತನ್ನಿ, ಮಗುವನ್ನು ಎತ್ತಿಕೊಳ್ಳಿ, ದನಕ್ಕೆ ಮೇವು ಹಾಕಿ. "ಸೊಸೆಗೆ ಈ ವಯಸ್ಸಿನಲ್ಲಿ ಮಣ್ಣಾಟವಂತೆ" ಎಂದು ಅತ್ತೆ ಆಡಿದರೆ, ಉತ್ತರ ಕೊಡಬೇಕಾದವರು ನೀವು, ಅವಳಲ್ಲ. "ಅವ್ವ, ಡಾಕ್ಟರೇ ಹೇಳಿದ್ದಾರೆ, ಒಂದು ಗಂಟೆ ಬಿಡು" ಎಂದರೆ ಜಗಳವಿಲ್ಲದೆ ಮುಗಿಯುತ್ತದೆ. ಮೊದಲ ಕುಡಿಕೆ ಸೊಟ್ಟಗೇ ಇರುತ್ತದೆ, ನಗಬೇಡಿ. ಅದನ್ನು ಹೊಗಳಿ ಹೊಗಳಿ ಮುಜುಗರ ಮಾಡುವುದೂ ಬೇಡ. ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ನೀವೂ ಒಂದು ಉಂಡೆ ನಾದಿರಿ. ಕೈಗಳು ಕೆಲಸದಲ್ಲಿರುವಾಗ, ಎದುರುಬದುರು ನೋಡಿ ಆಡಲಾಗದ ಮಾತು ಹೊರಬರುವುದುಂಟು. ಸತ್ತ ಮಗುವಿನ ಮಾತು ಬಂದರೆ ತಡೆಯಬೇಡಿ, ಕೇಳಿ. ಕಾಯಿಲೆ ಬಿದ್ದವನು ಗಂಡನಾದರೆ ಹೆಂಡತಿಗೂ ಇದೇ ಮಾತು: ದುಡಿಮೆಯಿಲ್ಲದೆ ಕುಳಿತಿದ್ದಾನೆಂದು ಚುಚ್ಚುವುದು ಬೇಡ.

ಮುಂದಿನ ಮಗುವಿಗೆ ಅವಸರ ಮಾಡುವುದೂ ತರವಲ್ಲ. ದುಃಖ ಮರೆಯಲೆಂದು ಬೇಗನೆ ಬಸಿರಾಗುವಂತೆ ಹಿರಿಯರು ಒತ್ತಾಯಿಸುತ್ತಾರೆ. ತಾಯಿಯ ದೇಹ ಮನಸ್ಸುಗಳೆರಡೂ ಸುಧಾರಿಸಬೇಕು. ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಗರ್ಭಧರಿಸುವ ಯೋಚನೆಯಿದ್ದರೆ ಮೊದಲೇ ವೈದ್ಯರನ್ನು ಕೇಳಿ. ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಅಲ್ಲಿಯವರೆಗೆ ಅಂತರ ಕಾಯುವ ವಿಧಾನಗಳು ನಿಮ್ಮ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತವೆ. ಗಂಡಸರು ಬಳಸುವ ನಿರೋಧ್ ಕೂಡ ಅವುಗಳಲ್ಲಿ ಒಂದೆಂಬುದನ್ನು ನೆನಪಿಸಬೇಕಾಗಿ ಬಂದಿದೆ.

ಕೆಲವು ಎಚ್ಚರಿಕೆಗಳು. ಒಣಮಣ್ಣಿನ ಧೂಳು ಶ್ವಾಸಕೋಶಕ್ಕೆ ಕೇಡು. ಕೆಲಸದ ಜಾಗವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ. ಆವಿಗೆಯ ಹೊಗೆಯ ಬಳಿ ಬಸುರಿಯರೂ ಎಳೆಮಕ್ಕಳೂ ಇರಬಾರದು. ಕುಷ್ಠ ಅಥವಾ ಸಕ್ಕರೆ ಕಾಯಿಲೆಯಿಂದ ಕೈಯ ಸ್ಪರ್ಶ ಹೋದವರು ಸುಡುವ ಕೆಲಸದಿಂದ ದೂರವಿರಬೇಕು. ಸೀಸ ಬೆರೆತ ಬಣ್ಣ ಅಥವಾ ಮೆರುಗನ್ನು ಅಡಿಗೆಯ ಪಾತ್ರೆಗೆ ಹಚ್ಚಲೇಬೇಡಿ. ಇನ್ನೊಂದು: ಬಸುರಿಯರಲ್ಲಿ ಕೆಲವರಿಗೆ ಮಣ್ಣು ತಿನ್ನುವ ಚಪಲವುಂಟು. ಅದು ಹೆಚ್ಚಾಗಿ ರಕ್ತಹೀನತೆಯ ಸೂಚನೆ. ಮಣ್ಣು ಕೈಗೆ ಮಾತ್ರ, ಬಾಯಿಗೆ ಕಬ್ಬಿಣಾಂಶದ ಮಾತ್ರೆ.

ಕೆಲವರಿಗೆ ಈ ಕೆಲಸ ಕಾಯಿಲೆಯೊಡನೆ ಮುಗಿಯುವುದಿಲ್ಲ. ಕೈ ಕುದುರಿದಂತೆ ಹಣತೆಯಿಂದ ಕುಡಿಕೆಗೆ, ಕುಡಿಕೆಯಿಂದ ಹೂದಾನಿಗೆ ಮನಸ್ಸು ಹೋಗುತ್ತದೆ. ತನ್ನದೇ ಒಂದು ಚಿತ್ತಾರ ಮೂಡುತ್ತದೆ. ದೀಪಾವಳಿಗೆ ನೆರೆಯವರು ಬಂದು ಕೇಳುತ್ತಾರೆ. ಅದು ಹೊಸ ಬದುಕಿನ ಬಾಗಿಲಾಗಬಹುದು. ಆದರೆ ಅಲ್ಲೊಂದು ಅಪಾಯವೂ ಇದೆ. ಮೊದಲ ನೂರು ರೂಪಾಯಿ ಕಂಡೊಡನೆ ಮನೆಯವರು ಲೆಕ್ಕ ಹಾಕತೊಡಗುತ್ತಾರೆ: ದಿನಕ್ಕೆ ಇಷ್ಟು ಮಾಡಿದರೆ ತಿಂಗಳಿಗೆ ಎಷ್ಟು? ಆಗ ಮದ್ದಾಗಿದ್ದುದು ಹೊರೆಯಾಗುತ್ತದೆ. ಪೂರ್ತಿ ಗುಣವಾಗುವವರೆಗೆ ಲೆಕ್ಕ ಬೇಡ. ಅನಂತರವೂ, ಕೈ ಯಾರದೋ ಹಣ ಅವರ ಹೆಸರಿನ ಖಾತೆಗೇ ಹೋಗಲಿ.

ಕಸುಬನ್ನಾಗಿ ಹಿಡಿಯುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಅದರಲ್ಲಿ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗಳಿಗೆ 15,000 ರೂಪಾಯಿ, ಅನಂತರ ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ ಎಂದು ಗೊತ್ತುಪಡಿಸಲಾಗಿದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಆ ಒಬ್ಬರು ಗಂಡನೋ ಹೆಂಡತಿಯೋ ಎಂಬುದನ್ನು ನೀವಿಬ್ಬರೂ ಕುಳಿತು, ಮಣ್ಣಿನಲ್ಲಿ ಯಾರ ಕೈ ಇದೆಯೆಂದು ನೋಡಿ ತೀರ್ಮಾನಿಸಿ. ಯಜಮಾನನೆಂಬ ಕಾರಣಕ್ಕೆ ಗಂಡನ ಹೆಸರು ಬರೆಸಿ, ಹೆಂಡತಿ ದುಡಿಯುವ ಏರ್ಪಾಡು ಬೇಡ.

ಕೊನೆಯದಾಗಿ ಗುರುತು ಹಾಕಿಕೊಳ್ಳಬೇಕಾದ ಒಂದು ಸಂಖ್ಯೆ. ಮನೆಯಲ್ಲಿ ಯಾರಾದರೂ ಸಾಯುವ ಮಾತನ್ನಾಡಿದರೆ ಬರಿಯ ಬೆದರಿಕೆಯೆಂದು ತಳ್ಳಿಹಾಕಬೇಡಿ. ಅಂತಹ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ; ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ವಿಷವನ್ನು ಬೀಗದೊಳಗಿಟ್ಟು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಭಾಷಣ ಮುಗಿದ ಮೇಲೆ ಆರೋಗ್ಯ ಸಹಾಯಕಿಯವರು ಇಲ್ಲಿಯೇ ಇರುತ್ತಾರೆ. ಎಲ್ಲರೆದುರು ಕೇಳಲಾಗದ ಮಾತಿದ್ದರೆ ಅವರೊಡನೆ ಒಳಗೆ ಕುಳಿತು ಹೇಳಬಹುದು.